ಮೊದಲ ವೀಗನ್ ಅಡುಗೆ ಪುಸ್ತಕ: ಒಂದು ಆಪ್ತಸಲಹೆ ಪ್ರಕರಣ

ಹಾಲು, ಮೊಸರು, ತುಪ್ಪ, ಜೇನು ಸೇರಿದಂತೆ ಪ್ರಾಣಿಮೂಲದ ಆಹಾರವನ್ನೆಲ್ಲ ಬಿಟ್ಟು ವೀಗನ್ ಆಗಲು ಹೊರಟ ಯುವಜನರು ಶಿರಸಿಯ ನನ್ನ ಸಲಹಾ ಕೊಠಡಿಗೆ ಬರುವುದು ಈಗ ಅಪರೂಪವಲ್ಲ. ಅವರು ಆಹಾರದ ವಿಚಾರ ಕೇಳಲು ಬರುವುದಿಲ್ಲ. ಮನೆಯಲ್ಲಿ ಮಾತು ನಿಂತಿದೆ, ನಿದ್ದೆ ಬರುತ್ತಿಲ್ಲ, ಊಟದ ಹೊತ್ತು ಬಂತೆಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿಕೊಂಡು ಬರುತ್ತಾರೆ. ವಿಚಾರಿಸುತ್ತ ಹೋದರೆ, ಮನಸ್ತಾಪ ಶುರುವಾದಲ್ಲಿ ಬಹಳ ಸಲ ಒಂದು ಅಡುಗೆ ಪುಸ್ತಕವಿರುತ್ತದೆ. ಯಾರನ್ನೂ ಕೇಳದೆ ತರಿಸಿಕೊಂಡದ್ದು, ಅಡುಗೆ ಮಾಡುವವರು ಒಮ್ಮೆಯೂ ತೆರೆದು ನೋಡದೇ ಇದ್ದದ್ದು. ಮತ್ತೆ ಮತ್ತೆ ಎದುರಾಗುವ ಈ ಸಂಗತಿಯನ್ನು ಒಂದು ಪ್ರಕರಣದ ಮೂಲಕ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆಯಿದೆ, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಯುವತಿ ಇಪ್ಪತ್ತರ ಹರೆಯದ ಕೊನೆಯಲ್ಲಿರುವವಳು, ಉದ್ಯೋಗಸ್ಥೆ. ಅಡಿಕೆ ತೋಟದ ಮನೆ, ಕೊಟ್ಟಿಗೆಯಲ್ಲಿ ದನಗಳು, ಒಳಗೆ ತಾಯಿಯ ಅಡುಗೆ. ಮನೆಯಲ್ಲಿ ಹುಟ್ಟಿದ ಗಂಡು ಕರುವೊಂದನ್ನು ಮಾರಿದ್ದು ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಹಾಲನ್ನು ಒಂದೇ ಸಲಕ್ಕೆ ಬಿಡದೆ ಹಂತಹಂತವಾಗಿ ಬಿಡುವುದೆಂದು ನಿಶ್ಚಯಿಸಿ ಆಕೆ ಮೂರು ವೀಗನ್ ಅಡುಗೆ ಪುಸ್ತಕಗಳನ್ನು ತರಿಸಿ ಅಡುಗೆಮನೆಯ ಕಪಾಟಿನಲ್ಲಿಟ್ಟಳು. ಅದಾದ ಮೇಲೆ ತಾಯಿ ಮಗಳಿಗೆ ಬಡಿಸುವುದನ್ನು ನಿಲ್ಲಿಸಿದರು. ಪಾತ್ರೆಗಳನ್ನು ಎದುರಿಗಿಟ್ಟು, ನಿನಗೆ ಆಗುವುದನ್ನು ನೀನೇ ಹಾಕಿಕೋ ಎನ್ನತೊಡಗಿದರು.

ಇಂಥ ಪ್ರಕರಣ ಬಂದಾಗ ನಾನು ಮೊದಲು ಖಚಿತಪಡಿಸಿಕೊಳ್ಳುವ ವಿಷಯ ಒಂದಿದೆ. ಇದು ನಿಜಕ್ಕೂ ಒಂದು ನಂಬಿಕೆಯಿಂದ ಹುಟ್ಟಿದ ಬದಲಾವಣೆಯೇ, ಅಥವಾ ಊಟವನ್ನೇ ಕಡಿಮೆ ಮಾಡುತ್ತ ಹೋಗುವ ಕಾಯಿಲೆಗೆ ಸಿಕ್ಕ ಮರ್ಯಾದೆಯ ಹೊದಿಕೆಯೇ? ಮುಟ್ಟು ತಪ್ಪುತ್ತಿದೆಯೇ, ತೂಕ ಇಳಿದಿದೆಯೇ, ಎಣ್ಣೆ ಅಥವಾ ಅನ್ನ ಕಂಡರೆ ಹೆದರಿಕೆಯೇ, ಬೇರೆಯವರ ಎದುರು ತಿನ್ನಲು ಸಂಕೋಚವೇ ಎಂದು ಕೇಳುತ್ತೇನೆ. ಇವುಗಳಿಗೆ ಹೌದು ಎಂಬ ಉತ್ತರ ಬಂದರೆ ಪುಸ್ತಕದ ಮಾತನ್ನು ಅಲ್ಲಿಗೇ ನಿಲ್ಲಿಸಿ ಮನೋವೈದ್ಯರ ಬಳಿಗೆ ಕಳಿಸಬೇಕಾಗುತ್ತದೆ. ಈ ಯುವತಿಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದರೆ ಅವಳ ಮೂರು ಪುಸ್ತಕಗಳಲ್ಲೊಂದು ಪುಟಪುಟಕ್ಕೂ ಸೊಂಟದ ಅಳತೆಯನ್ನೂ ದೇಹದ ಶುದ್ಧೀಕರಣವನ್ನೂ ಮಾತಾಡುತ್ತಿತ್ತು. ಅದನ್ನು ಮನೆಯಿಂದಲೇ ಹೊರಗಿಡಲು ಹೇಳಿದೆ. ಊಟ ಬದಲಿಸುವ ಹೊತ್ತಿನಲ್ಲಿ ದೇಹದ ಬಗ್ಗೆ ನಾಚಿಕೆ ಹುಟ್ಟಿಸುವ ಪುಸ್ತಕ, ಅದರಲ್ಲಿರುವ ಅಡುಗೆ ಎಷ್ಟೇ ಚೆನ್ನಾಗಿರಲಿ, ಮೊದಲ ಪುಸ್ತಕವಾಗಬಾರದು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ತಾಯಿಯನ್ನೂ ಕರೆದುಕೊಂಡು ಬರಲು ಹೇಳಿದ್ದೆ. ಅವರು ಬಂದರು. ಆದರೆ ಕುರ್ಚಿಯ ತುದಿಯಲ್ಲಿ ಕುಳಿತು, ತನಗೆ ಇಲ್ಲಿ ಹೇಳುವುದು ಏನೂ ಇಲ್ಲ ಎಂಬಂತೆ ಕಿಟಕಿಯ ಕಡೆ ನೋಡುತ್ತಿದ್ದರು. ಕರುವಿನ ವಿಷಯ ಎತ್ತಿದರೆ ಅವರಿಗೆ ಅದು ಆರೋಪವಾಗಿಯೇ ಕೇಳುವುದೆಂದು ನನಗೆ ಗೊತ್ತಿತ್ತು. ದನ ಸಾಕಿದವರು, ಗೊಬ್ಬರಕ್ಕೂ ಹಾಲಿಗೂ ಅದನ್ನೇ ನೆಚ್ಚಿದವರು, ತಾವು ಮಾಡಿದ್ದನ್ನು ಮಗಳು ತಪ್ಪೆನ್ನುತ್ತಿದ್ದಾಳೆ ಎಂದು ನೊಂದಿದ್ದರು. ಅದರಿಂದಾಗಿ ಕಾರಣದ ಮಾತು ಬಿಟ್ಟು, ಉಳಿದ ಎರಡು ಪುಸ್ತಕಗಳನ್ನು ಅವರ ಮುಂದಿಟ್ಟು, ನಿಮ್ಮ ಅಡುಗೆಮನೆಯಲ್ಲಿ ಆಗುವಂಥದ್ದು ಇದರಲ್ಲಿ ಏನಿದೆ ನೋಡಿ ಹೇಳಿ ಎಂದು ಕೇಳಿಕೊಂಡೆ. ಇಂಗ್ಲಿಷ್ ಪುಸ್ತಕಗಳು, ಮಗಳು ಓದಿ ಹೇಳಬೇಕಾಯಿತು. ಗೋಡಂಬಿಯಿಂದ ಮಾಡುವ ಚೀಸ್, ಓಟ್ಸ್ ಹಾಲು, ಮೊಟ್ಟೆಯಿಲ್ಲದ ಕೇಕ್, ಅಗಸೆ ಬೀಜದ ಪುಡಿ ಕಲಸಿ ಮೊಟ್ಟೆಗೆ ಬದಲು ಹಾಕುವ ಉಪಾಯ ಎಂದು ಮಗಳು ಓದುತ್ತ ಹೋದಳು. ತಾಯಿ ಮೊದಲು ಸುಮ್ಮನಿದ್ದವರು, ಗೋಡಂಬಿ ಎಷ್ಟು ಹೊತ್ತು ನೆನೆಯಬೇಕು, ಹುಳಿಗೆ ಏನು ಹಾಕುತ್ತಾರೆ, ಇದು ಎಷ್ಟು ಜನಕ್ಕೆ ಎಂದು ಕೇಳತೊಡಗಿದರು. ಅಡುಗೆ ಬಲ್ಲವರಿಗೆ ಯಾವ ಪಾಕವನ್ನು ಓದಿ ಹೇಳಿದರೂ ಕೈ ಸುಮ್ಮನಿರುವುದಿಲ್ಲ. ಎರಡೂ ಪುಸ್ತಕಗಳ ಪರಿವಿಡಿ ಮುಗಿದ ಮೇಲೆ ಅವರು ಹೇಳಿದ ಮಾತು ಇದು: "ಈ ಪುಸ್ತಕದಲ್ಲಿ ತಿಂಡಿ ಇದ್ದು, ಊಟ ಇಲ್ಲೆ."

ಊಟ ಎಂದರೆ ಏನೇನು ಎಂದು ಕೇಳಿದೆ. ಪಲ್ಯ, ಸಾರು, ಹುಳಿ, ತಂಬುಳಿ ಎಂದು ಎಣಿಸುತ್ತ ಬಂದು, ಕೊನೆಯ ಅನ್ನಕ್ಕೆ ಮಜ್ಜಿಗೆ ಎನ್ನುವಾಗ ಅವರ ದನಿ ತಡೆಯಿತು. ಮಗಳು ಏನು ಬಿಟ್ಟಳು ಎಂಬುದಕ್ಕಿಂತ, ಮಜ್ಜಿಗೆ ಅನ್ನ ಉಣ್ಣದೆ ಎದ್ದು ಹೋಗುವುದನ್ನು ದಿನವೂ ನೋಡುವುದೇ ತನಗೆ ಕಷ್ಟ, ಕೊನೆಯ ಅನ್ನ ಹಾಕಿಸಿಕೊಳ್ಳದವಳ ಹೊಟ್ಟೆ ತುಂಬಿತೆಂದು ತಾನು ಹೇಗೆ ತಿಳಿಯುವುದು, ನೋಡಲಾಗದೆ ಬಡಿಸುವುದನ್ನು ಬಿಟ್ಟೆ ಎಂದರು. ಆಗ ಮಗಳು, ಅಷ್ಟು ವಾರಗಳಲ್ಲಿ ನನಗೂ ಹೇಳದೇ ಇದ್ದದ್ದನ್ನು ಹೇಳಿದಳು: ಹೊಟ್ಟೆ ನಿಜಕ್ಕೂ ತುಂಬುತ್ತಿರಲಿಲ್ಲ. ರಾತ್ರಿ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಅದರಲ್ಲಿ ಹಾಲಿನ ಪುಡಿ ಇದೆಯೆಂದು ಓದಿ ಗೊತ್ತಿದ್ದೂ ತಿನ್ನುತ್ತಿದ್ದಳು, ಆಮೇಲೆ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ನಿದ್ದೆಗೆಟ್ಟದ್ದು ಹೀಗೆ.

ನಾನು ಕೊಟ್ಟ ಸಲಹೆ ತಾಯಿಯ ಆ ಒಂದು ಮಾತಿನಿಂದಲೇ ಬಂದದ್ದು. ಮೊದಲ ಪುಸ್ತಕವನ್ನು ಆರಿಸುವಾಗ ಚಿತ್ರಗಳನ್ನೂ ಪಾಕಗಳ ಸಂಖ್ಯೆಯನ್ನೂ ನೋಡದೆ, ನಮ್ಮ ಮನೆಯ ಊಟದಲ್ಲಿ ಬಿಟ್ಟುಹೋಗುವ ಜಾಗಗಳು ಯಾವುವು, ಈ ಪುಸ್ತಕ ಆ ಜಾಗಗಳನ್ನು ತುಂಬುತ್ತದೆಯೇ ಎಂದು ನೋಡಬೇಕು. ಮಾಂಸ, ಮೊಟ್ಟೆ, ಚೀಸ್ ತಿನ್ನುವ ಅಡುಗೆಮನೆಗೆಂದು ಬರೆದ ಪುಸ್ತಕಗಳು ಅವುಗಳಿಗೆ ಬದಲಿ ಹುಡುಕುವುದರಲ್ಲೇ ಮುಗಿಯುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸಸ್ಯಾಹಾರಿ ಮನೆಗೆ ಮೊಟ್ಟೆಯ ಬದಲಿಯಿಂದ ಆಗಬೇಕಾದ್ದೇನೂ ಇಲ್ಲ. ಇಲ್ಲಿ ಬೇಕಾದದ್ದು ಮಜ್ಜಿಗೆಗೆ, ಬಿಸಿ ಅನ್ನದ ತುಪ್ಪಕ್ಕೆ, ಬೆಳಗಿನ ಚಹಾದ ಹಾಲಿಗೆ, ಮಜ್ಜಿಗೆ ಬೆರೆಸುವ ತಂಬುಳಿಗೆ ಮತ್ತು ಮೊಸರು ಹಾಕುವ ಸಾಸಿವೆ ಎಂಬ ಮೇಲೋಗರಕ್ಕೆ ಉತ್ತರ. ಉಳಿದ ಅಪ್ಪೆಹುಳಿ, ತೊಡದೇವು, ಕಾಯಿ ಚಟ್ನಿಯ ದೋಸೆ, ಹಲಸಿನಕಾಯಿ ಹುಳಿ, ಪತ್ರೊಡೆ ಇವೆಲ್ಲ ತುಪ್ಪದ ಬದಲು ಕೊಬ್ಬರಿ ಎಣ್ಣೆ ಬಳಸಿದರೆ ಈಗಾಗಲೇ ವೀಗನ್ ಆಗಿಯೇ ಇವೆ. ಅವುಗಳನ್ನು ಪುಸ್ತಕದಿಂದ ಕಲಿಯಬೇಕಿಲ್ಲ. ಕಾರವಾರ, ಅಂಕೋಲೆಯ ಮೀನು ತಿನ್ನುವ ಮನೆಯಿಂದ ಬರುವವರಿಗೆ ನಾನು ಹೇಳುವುದು ಬೇರೆ: ಅಲ್ಲಿ ಬಿಟ್ಟುಹೋಗುವುದು ಮೀನಿನ ತುಂಡು ಮಾತ್ರ; ತೆಂಗಿನಕಾಯಿ, ಕೆಂಪು ಮೆಣಸು, ಹುಳಿ ಸೇರಿಸಿ ಅರೆದ ಮಸಾಲೆ ಎಲ್ಲಿಗೂ ಹೋಗುವುದಿಲ್ಲ. ಆ ಮಸಾಲೆಗೆ ಕಳಲೆ, ಅಣಬೆ, ಎಳೆ ಹಲಸಿನಕಾಯಿ ಹೊಂದಿಸಲು ಕಲಿಸುವ ಪುಸ್ತಕ ಅವರಿಗೆ ಬೇಕು.

ಮಜ್ಜಿಗೆಯ ಜಾಗಕ್ಕೆ ಪುಸ್ತಕಕ್ಕಿಂತ ಮೊದಲು ಘಟ್ಟದ ಕೆಳಗಿನವರ ಪದ್ಧತಿ ನೆನಪಿಗೆ ಬಂತು. ಮುರುಗಲು (ಕೋಕಂ) ನೆನೆಸಿ ಹಿಂಡಿ, ತೆಂಗಿನ ಹಾಲು ಬೆರೆಸಿ ಮಾಡುವ ಸೋಲ್ ಕಡಿಯನ್ನು ಕಾರವಾರದ ಕಡೆ ಊಟದ ಕೊನೆಗೆ ಅನ್ನಕ್ಕೆ ಹಾಕಿಕೊಳ್ಳುತ್ತಾರೆ, ಕುಡಿಯುತ್ತಾರೆ. ಇದನ್ನು ಹೇಳಿದ ಕೂಡಲೇ ತಾಯಿ, ಒಂದೆಲಗದ ತಂಬುಳಿಗೂ ಅದನ್ನೇ ಹಾಕಬಹುದಲ್ಲ ಎಂದರು. ತುಪ್ಪದ ಮಾತು ಬಂದಾಗ, ತಮ್ಮ ಅಜ್ಜಿಯ ಕಾಲದಲ್ಲಿ ಉಪ್ಪಾಗೆ ಎಂಬ ಹುಳಿ ಹಣ್ಣಿನ ಬೀಜದ ತುಪ್ಪದಲ್ಲಿ ದೋಸೆ ಎರೆಯುತ್ತಿದ್ದುದನ್ನು ಹೇಳಿದರು. ಉಪ್ಪಾಗೆ ಮತ್ತು ಮುರುಗಲ ಬೀಜಗಳಿಂದ ತೆಗೆಯುವ ಈ ಗಟ್ಟಿ ಕೊಬ್ಬನ್ನು ನಮ್ಮ ಜಿಲ್ಲೆಯಲ್ಲಿ ತುಪ್ಪವೆಂದೇ ಕರೆದು ಬಳಸಿದ್ದಾರೆ. ಶೇಂಗಾ ಹಾಲಿಗೆ ಹಸಿಮೆಣಸಿನ ತೊಟ್ಟು ಹಾಕಿ ಹೆಪ್ಪುಗಟ್ಟಿಸುವ ಕ್ರಮ ಮಾತ್ರ ಅವರಿಗೆ ಹೊಸದು; ಅಂಥದ್ದನ್ನು ಅಳತೆ ಸಹಿತ, ಕೆಟ್ಟರೆ ಏಕೆ ಕೆಟ್ಟಿತೆಂಬ ವಿವರಣೆ ಸಹಿತ ಹೇಳುವುದಿದ್ದರೆ ಪುಸ್ತಕ ಕೊಂಡದ್ದು ಸಾರ್ಥಕ.

ರುಚಿಯ ಜಾಗ ತುಂಬಿದ ಮಾತ್ರಕ್ಕೆ ಪೋಷಣೆಯ ಜಾಗ ತುಂಬುವುದಿಲ್ಲ ಎಂಬುದನ್ನೂ ಅಂದೇ ಹೇಳಿದೆ. ತೆಂಗಿನ ಹಾಲಿನಲ್ಲಿ ಮೊಸರಿನಷ್ಟು ಪ್ರೋಟೀನೂ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಇದೆ. ಎಳ್ಳಿನಲ್ಲಿ ಇನ್ನೂ ಹೆಚ್ಚು. ಹರಿವೆ ಸೊಪ್ಪು, ನುಗ್ಗೆ ಸೊಪ್ಪು ಇವೆ. ಬೇಳೆಕಾಳು ದಿನದ ಎರಡು ಊಟಗಳಲ್ಲಾದರೂ ಇರಬೇಕು. ಆದರೆ ಬಿ12 ಜೀವಸತ್ವಕ್ಕೆ ಸಸ್ಯಮೂಲದ ಆಹಾರದಲ್ಲಿ ನಂಬಬಹುದಾದ ಮೂಲವಿಲ್ಲ. ಅದಕ್ಕೆ ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರವೇ ದಾರಿ, ಪ್ರಮಾಣವನ್ನು ವೈದ್ಯರು ಹೇಳಬೇಕು. ಯಕೃತ್ತಿನಲ್ಲಿ ಸಂಗ್ರಹವಿರುವುದರಿಂದ ಕೊರತೆ ಬೇಗ ಗೊತ್ತಾಗುವುದಿಲ್ಲ. ಗೊತ್ತಾಗುವಾಗ ಕೈಕಾಲು ಜುಮುಗುಟ್ಟುವಿಕೆ, ಸುಸ್ತು, ಮರೆವು, ಮನಸ್ಸು ಕುಗ್ಗುವುದು ಇವುಗಳ ರೂಪದಲ್ಲಿ ಬರಬಹುದು. ಮನಸ್ಸು ಕುಗ್ಗಿತೆಂದು ನನ್ನ ಬಳಿ ಬಂದವರನ್ನು ರಕ್ತ ಪರೀಕ್ಷೆಗೆ ಕಳಿಸುವುದು ಈ ಕಾರಣಕ್ಕೆ. ಸ್ಪಿರುಲಿನಾ ಎಂಬ ಪಾಚಿ ತಿಂದರೆ ಬಿ12 ಸಿಗುತ್ತದೆ ಎಂದು ಬರೆದ ಅಥವಾ ಬಿ12 ಎಂಬ ಮಾತನ್ನೇ ಎತ್ತದ ವೀಗನ್ ಪುಸ್ತಕವನ್ನು ಕೊಳ್ಳಬೇಡಿ ಎಂದು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಪೊಟ್ಟಣದ ಆಹಾರ ಕೊಳ್ಳುವವರು ವೀಗನ್ ಆಹಾರಗಳ ಕುರಿತ 2022ರ ನಿಯಮಾವಳಿಯಂತೆ ಬಂದಿರುವ, ಎಲೆಯ ಚಿತ್ರವಿರುವ ಹಸಿರು 'ವಿ' ಗುರುತನ್ನು ನೋಡಬಹುದು. ಸಸ್ಯಾಹಾರದ ಹಸಿರು ಚುಕ್ಕೆಯೊಂದೇ ಇದ್ದರೆ ಅದರಲ್ಲಿ ಹಾಲು ಇಲ್ಲವೆಂದು ಅರ್ಥವಲ್ಲ.

ಬಿಡುವ ಕ್ರಮದ ಬಗ್ಗೆ ಅವಳಿಗೆ ಹೇಳಿದ್ದು ಇಷ್ಟು. ಮೊದಲು ಬೆಳಗಿನ ತಿಂಡಿ, ಏಕೆಂದರೆ ಅಲ್ಲಿ ಬದಲಿಸಬೇಕಾದದ್ದು ಬಹಳ ಕಡಿಮೆ. ಆಮೇಲೆ ಚಹಾ. ಮಧ್ಯಾಹ್ನದ ಊಟ ಕೊನೆಗೆ, ಏಕೆಂದರೆ ಮನೆಯವರೆಲ್ಲ ಸೇರಿ ಕೂರುವುದು ಅಲ್ಲಿ, ನೋವಾಗುವುದೂ ಅಲ್ಲಿ. ಹಬ್ಬ, ಶ್ರಾದ್ಧದ ದಿನಗಳ ಊಟವನ್ನು ಸದ್ಯಕ್ಕೆ ಮುಟ್ಟಲೇಬೇಡ ಎಂದೆ. ಅದಕ್ಕೆ ಅವಳು ಒಪ್ಪಲಿಲ್ಲ. ಹಬ್ಬದ ದಿನವೂ ಹಾಲಿನ ಪಾಯಸ ತಿನ್ನುವುದು ತನ್ನಿಂದಾಗದು ಎಂದಳು. ತೆಂಗಿನ ಹಾಲಿನ ಪಾಯಸವೇ ನಮ್ಮಲ್ಲಿ ಹೆಚ್ಚು ಎಂದು ತಾಯಿಯೇ ಮಧ್ಯೆ ಬಂದು ಆ ಮಾತನ್ನು ಮುಗಿಸಿದರು.

ಆಪ್ತಸಲಹೆಗಾರರು ಅಡುಗೆ ಪುಸ್ತಕ ಆರಿಸಿಕೊಡುವುದು ತಮ್ಮ ಕೆಲಸದ ಗಡಿಯನ್ನು ದಾಟಿದಂತೆ ಎಂದು ಸಹೋದ್ಯೋಗಿಗಳು ಹೇಳಿದ್ದಾರೆ. ತಾಯಿ ಮಗಳ ಸಂಬಂಧದ ಆಳವನ್ನು ಬಿಟ್ಟು ಮಜ್ಜಿಗೆಯ ಚರ್ಚೆಗಿಳಿದದ್ದು ಸರಿಯೇ ಎಂಬುದು ಅವರ ಪ್ರಶ್ನೆ. ನನ್ನ ಉತ್ತರ, ಆ ಮನೆಯಲ್ಲಿ ಸಂಬಂಧವಿದ್ದದ್ದು ಬಡಿಸುವುದರಲ್ಲಿ ಮತ್ತು ಹಾಕಿಸಿಕೊಳ್ಳುವುದರಲ್ಲಿ. ನಿಮ್ಮಿಬ್ಬರ ಭಾವನೆಗಳನ್ನು ಹಂಚಿಕೊಳ್ಳಿ ಎಂದು ಕೇಳಿದ್ದರೆ ತಾಯಿ ಕಿಟಕಿಯ ಕಡೆ ನೋಡುತ್ತಲೇ ಇರುತ್ತಿದ್ದರು. ಅವರು ಬಲ್ಲ ವಿದ್ಯೆಯ ಬಗ್ಗೆ ಕೇಳಿದ್ದರಿಂದ ಮಾತಾಡಿದರು. ಯಾವ ಆಹಾರಕ್ರಮವನ್ನೂ ನಾನು ಯಾರಿಗೂ ಬೋಧಿಸುವುದಿಲ್ಲ, ಬಿಡಿಸುವುದೂ ಇಲ್ಲ. ವಯಸ್ಕರೊಬ್ಬರು ಯೋಚಿಸಿ ಕೈಗೊಂಡ ನಿರ್ಧಾರವನ್ನು ಹುಚ್ಚೆಂದು ಕರೆಯುವ ಹಿರಿಯರ ಜೊತೆಗೂ ನಾನಿಲ್ಲ, ಮನೆಯ ಅಡುಗೆಯನ್ನು ಪಾಪವೆಂದು ಕರೆಯುವ ಕಿರಿಯರ ಜೊತೆಗೂ ಇಲ್ಲ. ಮಗಳ ಕಾರಣವನ್ನು ತಾಯಿ ಒಪ್ಪಲೇಬೇಕೆಂದು ಹಟ ಹಿಡಿಯದೆ ಅವರ ಸಹಾಯವನ್ನಷ್ಟೇ ಕೇಳುವುದು ಸಾಧ್ಯ ಎಂದು ನಂಬಿದ್ದೇನೆ.

ತರಿಸಿದ ಪುಸ್ತಕಗಳಲ್ಲಿ ಯಾವುದನ್ನೂ ಅವರು ಕೊನೆಗೆ ಉಳಿಸಿಕೊಳ್ಳಲಿಲ್ಲ. ಇಬ್ಬರೂ ಸೇರಿ ಅಂಗಡಿಗೆ ಹೋಗಿ, ಅನ್ನದ ಊಟವನ್ನು ಮುಖ್ಯವಾಗಿಟ್ಟುಕೊಂಡ, ಓವನ್ ಬೇಡದ, ಸಂತೆಯಲ್ಲಿ ಸಿಗುವ ಸಾಮಗ್ರಿಗಳಿಂದಲೇ ಆಗುವ ಒಂದು ಪುಸ್ತಕವನ್ನು ಆರಿಸಿ ತಂದರು. ಮಧ್ಯಾಹ್ನ ತಾಯಿ ಮತ್ತೆ ಬಡಿಸುತ್ತಿದ್ದಾರೆ. ಶೇಂಗಾ ಮೊಸರಿನ ವಾಸನೆ ಮಾತ್ರ ಅವರಿಗೆ ಇನ್ನೂ ಹಿಡಿಸಿಲ್ಲ. ಮಗಳು ವೈದ್ಯರ ಸಲಹೆಯಂತೆ ಬಿ12 ತೆಗೆದುಕೊಳ್ಳುತ್ತಿದ್ದಾಳೆ, ನಿದ್ದೆ ಸುಧಾರಿಸಿದೆ. ಕಳೆದ ಭೇಟಿಯಲ್ಲಿ ಆಕೆ ಹೊಸ ಪ್ರಶ್ನೆಯೊಂದನ್ನು ತಂದಿದ್ದಳು: ಮದುವೆಯ ಮಾತುಕತೆ ನಡೆಯುತ್ತಿದೆ, ಆ ಮನೆಯಲ್ಲೂ ಕೊಟ್ಟಿಗೆ ಇದೆ, ಇದನ್ನು ಯಾವಾಗ ಹೇಳಬೇಕು? ಹುಡುಗನಿಗೆ ಈಗಲೇ, ಪೂರ್ತಿಯಾಗಿ, ಕರುವಿನ ಸಂಗತಿ ಸಹಿತ ಹೇಳು ಎಂದೆ. ಅವನ ತಾಯಿಗೂ ಮದುವೆಗೆ ಮೊದಲೇ ತಿಳಿದಿರಲಿ. ಅವರ ಬಳಿ ಕಾರಣದಿಂದ ಮಾತು ಶುರು ಮಾಡದೆ, ಕೊನೆಯ ಅನ್ನಕ್ಕೆ ನಿಮ್ಮಲ್ಲಿ ಏನು ಹಾಕಿಕೊಳ್ಳುತ್ತೀರಿ ಎಂದು ಕೇಳು, ನಿನ್ನದನ್ನು ಆಮೇಲೆ ಹೇಳು ಎಂದೆ.