ನಾಲ್ಕು ಲಕ್ಷ ಓಡಿರೋ ಹಳೇ 407 ಇಟ್ಕೊಳ್ಳೋದಾ ಮಾರೋದಾ? ಇಟ್ಕೊಳ್ಳಿ, ಆದ್ರೆ ಮೊದಲು ರೇಡಿಯೇಟರ್‌ಗೆ ಏನು ನೀರು ಹಾಕ್ತಿದೀರಾ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಮಾವನವರ 2008ನೇ ಮಾಡೆಲ್ ಟಾಟಾ 407 ಸರಕು ಗಾಡಿ, ಮೀಟರ್ ನಾಲ್ಕು ಲಕ್ಷ ಕಿಲೋಮೀಟರ್ ತೋರಿಸ್ತಿದೆ, ಶ್ರೀನಿವಾಸಪುರದಿಂದ ಮಾವು, ಟೊಮೆಟೊ ಬಾಡಿಗೆ ಹೊಡೀತೀರಾ, ಫೆಬ್ರವರಿಗೆ ಎಫ್‌ಸಿ (ಆರ್‌ಟಿಒ ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ಮಾರೋಕೆ ಮನಸ್ಸಿಲ್ಲ, ಇನ್ನೊಂದು ನಾಲ್ಕೈದು ವರ್ಷ ಓಡಿಸೋಕೆ ಏನೇನು ಮಾಡ್ಬೇಕು ಅಂತ. ನಾನು ಕೋಲಾರದೋನೇ, ಸೀಸನ್‌ನಲ್ಲಿ ಎಪಿಎಂಸಿಯಿಂದ ಟೊಮೆಟೊ, ಸೀಸನ್ ಇಲ್ದಾಗ ಮಾಲೂರಿಂದ ಇಟ್ಟಿಗೆ ಅಂತ ಹಳೇ ಗಾಡೀಲೇ ಬಾಡಿಗೆ ಹೊಡ್ಕೊಂಡು ಬಂದಿದೀನಿ, ಅದಕ್ಕೆ ಹೇಳ್ತಿರೋದು.

ಮೊದಲು ಆ ಮೀಟರ್ ನಂಬ್ಬೇಡಿ. ಈ ವಯಸ್ಸಿನ ಗಾಡೀಲಿ ಮೀಟರ್ ಕೇಬಲ್ ಎಷ್ಟು ಸಲ ಕಟ್ ಆಗಿ ಎಷ್ಟು ತಿಂಗಳು ಹಂಗೇ ಓಡಿರತ್ತೋ ಡ್ರೈವರ್‌ಗೂ ಗೊತ್ತಿರಲ್ಲ. ಒಂದು ನೋಟ್‌ಬುಕ್ ಕ್ಯಾಬಿನ್‌ನಲ್ಲಿ ಇಟ್ಟು ಯಾವ ತಾರೀಕು ಏನು ಬದಲಾಯಿಸಿದ್ರಿ, ಎಷ್ಟು ಡೀಸೆಲ್ ಹಾಕಿಸಿದ್ರಿ ಅಂತ ಬರ್ಕೊಳ್ಳಿ. ಕೋಲಾರದಿಂದ ಚೆನ್ನೈನ ಕೊಯಂಬೇಡು ಮಾರ್ಕೆಟ್‌ಗೆ ಹೋಗಿ ಬಂದ್ರೆ ಐನೂರು ಚಿಲ್ಲರೆ ಕಿಲೋಮೀಟರ್, ಟ್ರಿಪ್ ಲೆಕ್ಕದಲ್ಲೇ ಆಯಿಲ್ ಸರ್ವಿಸ್ ಯಾವಾಗ ಅನ್ನೋದು ಗೊತ್ತಾಗತ್ತೆ.

ಈಗ ನೀರಿನ ವಿಷಯ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಗಾಡಿ ಇಂಜಿನ್ ಸಾಯೋದು ಹೆಚ್ಚು ಓಡಿದ್ದಕ್ಕಲ್ಲ, ಬೋರ್‌ವೆಲ್ ನೀರು ಕುಡಿದಿದ್ದಕ್ಕೆ ಅನ್ನೋದು ನನ್ನ ಅಭಿಪ್ರಾಯ. ಸಾವಿರ ಅಡಿ ಕೆಳಗಿಂದ ಬರೋ ನೀರು, ಗಡಸು ಅಂದ್ರೆ ಗಡಸು, ಮನೇಲಿ ಸ್ನಾನದ ಹಂಡೆ ಒಳಗೆ ಬಿಳಿ ಪದರ ಕಟ್ಟತ್ತಲ್ಲ, ಅದೇ ಪದರ ಇಂಜಿನ್ ನೀರನ್ನ ತಣ್ಣಗೆ ಮಾಡೋ ರೇಡಿಯೇಟರ್‌ನ ಸಣ್ಣ ಸಣ್ಣ ಟ್ಯೂಬ್ ಒಳಗೆ, ಇಂಜಿನ್ ಬ್ಲಾಕ್ ಒಳಗೆ ನೀರು ಓಡಾಡೋ ದಾರೀಲೂ ಕಟ್ಟತ್ತೆ. ಮಳೆಗಾಲದಲ್ಲಿ ಏನೂ ಗೊತ್ತಾಗಲ್ಲ. ಏಪ್ರಿಲ್‌ನಲ್ಲಿ ಲೋಡ್ ಹಾಕ್ಕೊಂಡು ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗತ್ತೆ, ಡ್ರೈವರ್ ಹೋಟೆಲ್ ಮುಂದೆ ನಿಲ್ಸಿ ಮತ್ತೆ ಅದೇ ಬೋರ್ ನೀರು ಒಂದು ಬಿಂದಿಗೆ ಸುರೀತಾನೆ, ಪದರ ಇನ್ನೂ ದಪ್ಪ ಆಗತ್ತೆ, ಕೊನೆಗೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ಮಧ್ಯದ ಸೀಲ್) ಹೋಗತ್ತೆ, ಇಲ್ಲಾ ಹೆಡ್ಡೇ ಬೆಂಡ್ ಆಗಿ ಲೇತ್‌ಗೆ ಹೋಗತ್ತೆ. ಕಾದ ಇಂಜಿನ್‌ಗೆ ತಣ್ಣೀರು ಸುರಿದ್ರೆ ಹೆಡ್ ಬಿರುಕು ಬಿಡೋದೂ ಉಂಟು, ಬಿಸಿ ಇರುವಾಗ ಕ್ಯಾಪ್ ತೆಗೆದ್ರೆ ಮುಖ ಸುಡೋದಂತೂ ಗ್ಯಾರಂಟಿ, ಪೂರ್ತಿ ಆರೋವರೆಗೂ ಕಾಯ್ಲೇಬೇಕು.

ನೀವು ಮಾಡ್ಬೇಕಾಗಿರೋದು ಇಷ್ಟು, ಬೇಸಿಗೆ ಬರೋ ಮುಂಚೆ ರೇಡಿಯೇಟರ್ ಬಿಚ್ಚಿಸಿ ರೇಡಿಯೇಟರ್ ಕೆಲಸ ಮಾಡೋರ ಹತ್ರಾನೇ ಕೊಟ್ಟು ಟ್ಯಾಂಕ್ ತೆಗೆಸಿ ಟ್ಯೂಬ್‌ಗಳಿಗೆ ರಾಡ್ ಹಾಕಿಸಿ ಕ್ಲೀನ್ ಮಾಡ್ಸಿ, ಬರೀ ಪೈಪ್ ಇಟ್ಟು ನೀರು ಬಿಟ್ಟು ಆಯ್ತು ಅನ್ನೋರನ್ನ ನಂಬ್ಬೇಡಿ. ಆಮೇಲೆ ಡಿಸ್ಟಿಲ್ಡ್ ವಾಟರ್ ಮತ್ತೆ ಕೂಲೆಂಟ್ ಅರ್ಧಕ್ಕರ್ಧ. ಕೂಲೆಂಟ್ ಅಂದ್ರೆ ಬಣ್ಣದ ನೀರು ಅಂತ ನಗೋ ಮೆಕ್ಯಾನಿಕ್‌ಗಳು ಇದಾರೆ, ಅದು ತುಕ್ಕು ತಡೆಯತ್ತೆ, ಕುದಿಯೋ ಮಟ್ಟಾನೂ ಏರಿಸತ್ತೆ. ದಾರೀಲಿ ಕಡಿಮೆ ಬಿದ್ರೆ ಹಾಕೋಕೆ ಒಂದು ಐದು ಲೀಟರ್ ಕ್ಯಾನ್ ಗಾಡೀಲೇ ಇರ್ಲಿ, ತೀರಾ ಆಪತ್ತು ಅಂದ್ರೆ ಊರಿನ ಶುದ್ಧ ನೀರಿನ ಘಟಕದ ನೀರು ವಾಸಿ, ಬೋರ್ ನೀರು ಮಾತ್ರ ಬೇಡ. ಹಂಗೇ ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಇರತ್ತೆ, ಅಲ್ಲಿಂದ ಹನಿ ಬೀಳ್ತಿದ್ರೆ ಒಳಗಿನ ಸೀಲ್ ಹೋಗಿದೆ ಅಂತ, ಎಂ-ಸೀಲ್ ಹಾಕಿ ಮುಚ್ಚೋ ತೂತಲ್ಲ ಅದು!

ಇನ್ನೊಂದು, ಗಾಡಿ ಬಿಸಿ ಆಗತ್ತೆ ಅಂತ ಹೇಳಿದ ತಕ್ಷಣ ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆಗೋವರೆಗೂ ರೇಡಿಯೇಟರ್‌ಗೆ ನೀರು ತಡೆಯೋ ವಾಲ್ವ್) ಕಿತ್ತು ಬಿಸಾಕೋ ಅಭ್ಯಾಸ ನಮ್ಮಲ್ಲಿದೆ. ಅದು ಹೋದ್ರೆ ಇಂಜಿನ್ ಸರಿಯಾದ ಬಿಸಿಗೆ ಬರೋಕೇ ತುಂಬಾ ಹೊತ್ತು ಹಿಡಿಯತ್ತೆ, ಡೀಸೆಲ್ ಜಾಸ್ತಿ ಕುಡಿಯತ್ತೆ, ಪಿಸ್ಟನ್ ರಿಂಗ್ ಬೇಗ ಸವೆಯತ್ತೆ. ನಿಮ್ಮ ಗಾಡೀಲಿ ಇದೆಯಾ ಇಲ್ವಾ ಕೇಳ್ನೋಡಿ, ಇಲ್ಲ ಅಂದ್ರೆ ಹೊಸದು ಹಾಕ್ಸಿ.

ಧೂಳು ಎರಡನೇದು. ಇಟ್ಟಿಗೆ ಗೂಡು, ಕ್ರಷರ್, ತೋಟದ ಮಣ್ಣು ರಸ್ತೆ, ಇಲ್ಲೆಲ್ಲಾ ಓಡೋ ಗಾಡಿಗೆ ಬುಕ್‌ನಲ್ಲಿ ಬರೆದಿರೋ ಕಿಲೋಮೀಟರ್‌ವರೆಗೂ ಏರ್ ಫಿಲ್ಟರ್ ಕಾಯಲ್ಲ. ಪಂಕ್ಚರ್ ಅಂಗಡೀಲಿ ಫುಲ್ ಪ್ರೆಶರ್ ಗಾಳಿ ಹಿಡಿದು ಹೊರಗಿಂದ ಊದಿಸ್ತಾರೆ, ಪೇಪರ್ ಹರಿದೋಗತ್ತೆ, ಕಣ್ಣಿಗೆ ಕಾಣಲ್ಲ, ಊದೋದಾದ್ರೆ ಒಳಗಿಂದ ಹೊರಗೆ, ಮೆಲ್ಲಗೆ. ಫಿಲ್ಟರ್‌ಗಿಂತ ಮುಖ್ಯ ಅಲ್ಲಿಂದ ಇಂಜಿನ್‌ಗೆ ಹೋಗೋ ರಬ್ಬರ್ ಪೈಪು ಮತ್ತೆ ಕ್ಲಿಪ್ಪು, ಅದನ್ನ ಬಿಚ್ಚಿ ಒಳಗೆ ಬೆರಳಾಡ್ಸಿ ನೋಡಿ, ಬೆರಳಿಗೆ ಮಣ್ಣು ಹತ್ತಿದ್ರೆ ಎಲ್ಲೋ ಬಿರುಕು ಬಿಟ್ಟಿದೆ, ಧೂಳು ಸೀದಾ ಪಿಸ್ಟನ್ ಓಡಾಡೋ ಲೈನರ್‌ಗೆ ಹೋಗ್ತಿದೆ ಅಂತ ಅರ್ಥ.

ಇಂಜಿನ್ ಆಯಿಲ್ 15ಡಬ್ಲ್ಯೂ-40 ಗ್ರೇಡ್, ಡೀಸೆಲ್ ಗಾಡಿದೇ ಆಗಿರ್ಬೇಕು, ನಾನು ಹತ್ತು ಸಾವಿರ ಕಿಲೋಮೀಟರ್ ದಾಟಿಸಲ್ಲ, ಫಿಲ್ಟರ್ ಜೊತೆಗೇ. ಕಪ್ಪಾಗಿದೆ ಅಂತ ಗಾಬರಿ ಬೇಡ, ಡೀಸೆಲ್ ಇಂಜಿನ್‌ನಲ್ಲಿ ಹಾಕಿ ಸ್ವಲ್ಪ ಓಡಿಸಿದ್ರೇ ಕಪ್ಪಾಗತ್ತೆ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ಬಂದ್ರೆ ಮಾತ್ರ ನಿಲ್ಸಿ, ನೀರು ಸೇರಿದೆ. ಟರ್ಬೊ ಇರೋ ಮಾಡೆಲ್ ಆದ್ರೆ ಲಾಂಗ್ ಓಡಿಸಿ ಬಂದು ತಕ್ಷಣ ಆಫ್ ಮಾಡ್ಬೇಡಿ, ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಹೊಗೆ ಕಪ್ಪಗೆ ಬಂದ್ರೆ ಗಾಳಿ ಸಾಲ್ತಿಲ್ಲ ಇಲ್ಲಾ ಡೀಸೆಲ್ ಸಿಂಪಡಿಸೋ ನಾಜಲ್ ಕೆಲಸ ಇದೆ, ನೀಲಿ ಬಂದ್ರೆ ಆಯಿಲ್ ಉರೀತಿದೆ. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಆಯಿಲ್ ಯಾರೂ ನೋಡೋದೇ ಇಲ್ಲ, ಒಮ್ಮೆ ಲೆವೆಲ್ ಚೆಕ್ ಮಾಡ್ಸಿ. ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಲೂಸ್ ಮಾಡಿ ನೀರು ಬಿಡೋದು ಐದು ನಿಮಿಷದ ಕೆಲಸ, ಅದನ್ನ ಬಿಟ್ಟೋರು ಡೀಸೆಲ್ ಪಂಪ್ ಕೆಲಸಕ್ಕೆ ದುಡ್ಡು ಸುರೀತಾರೆ.

ಗ್ರೀಸ್ ಬಗ್ಗೆ ಒಂದೇ ಮಾತು, ವಾಟರ್ ಸರ್ವಿಸ್ ಮಾಡ್ಸಿದ ದಿನವೇ ಗ್ರೀಸ್ ಹೊಡೆಸ್ಬೇಕು. ಪ್ರೆಶರ್ ನೀರು ಕಿಂಗ್ ಪಿನ್, ಜಾಯಿಂಟ್ ಕ್ರಾಸ್, ಸ್ಪ್ರಿಂಗ್ ಪಿನ್ ಒಳಗೆಲ್ಲಾ ನುಗ್ಗಿರತ್ತೆ, ಹಳೇ ಗ್ರೀಸ್ ನೀರಿನ ಸಮೇತ ಹೊರಗೆ ಬರೋವರೆಗೂ ಹೊಡೀಲಿ, ಗ್ರೀಸ್ ಹೊಡೆಯೋ ನಿಪ್ಪಲ್ ಬ್ಲಾಕ್ ಆಗಿದ್ರೆ ಅಂತದ್ದನ್ನ ಮೇಲೆ ಒರೆಸಿ ಸುಮ್ಮನಾಗೋ ಹುಡುಗ್ರು ಇರ್ತಾರೆ, ಪಕ್ಕದಲ್ಲೇ ನಿಂತ್ಕೊಳ್ಳಿ. ಟೊಮೆಟೊ ಹಾಕೋರಿಗೆ ಇನ್ನೊಂದು ಕಾಟ, ಕ್ರೇಟ್‌ನಿಂದ ಸೋರೋ ಕೊಳೆತ ಹಣ್ಣಿನ ರಸ ಬಾಡಿ ಶೀಟ್ ಮೇಲೆ, ಚಾಸಿ ಮೇಲೆ ಬಿದ್ದು ಹುಳಿಗೆ ತುಕ್ಕು ಹಿಡಿಸತ್ತೆ, ಅನ್‌ಲೋಡ್ ಆದ್ಮೇಲೆ ತೊಳೀರಿ.

ಬ್ರೇಕ್‌ನಲ್ಲಿ ಉಳಿತಾಯ ಬೇಡ. ಚೆನ್ನೈ ಕಡೆ ಹೋಗೋರಿಗೆ ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟ್ ಹೆಂಗಿದೆ ಅಂತ ಹೇಳ್ಬೇಕಾಗಿಲ್ಲ, ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಸೋ ಡ್ರೈವರ್ ನಿಮ್ಮ ಹತ್ರ ಇದ್ರೆ ಮೊದಲು ಅವನನ್ನ ಬದಲಾಯಿಸಿ, ಆಮೇಲೆ ಬ್ರೇಕ್ ಲೈನರ್. ಬ್ರೇಕ್ ಆಯಿಲ್ ಗಾಳೀಲಿರೋ ತೇವ ಎಳ್ಕೊಳ್ಳತ್ತೆ, ಬಿಸಿಗೆ ಆ ತೇವ ಆವಿಯಾಗಿ ಪೆಡಲ್ ಮೆತ್ತಗಾಗತ್ತೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸ್ಬೇಕು. ಟೀಗೆ ನಿಲ್ಸಿದಾಗ ನಾಲ್ಕೂ ಹಬ್ (ಚಕ್ರದ ನಡುಭಾಗ) ಹತ್ರ ಕೈ ಹಿಡಿದು ನೋಡೋ ಅಭ್ಯಾಸ ಮಾಡ್ಕೊಳ್ಳಿ, ಒಂದು ಮಾತ್ರ ಸುಡ್ತಿದ್ರೆ ಬ್ರೇಕ್ ಹಿಡ್ಕೊಂಡಿದೆ, ಇಲ್ಲಾ ಬೇರಿಂಗ್ ಹೋಗ್ತಿದೆ.

ಕಾನೂನು ಪ್ರಕಾರ ಟೈರ್ ಮೇಲಿನ ಗುಂಡಿ (ಗೆರೆಗಳ ಆಳ) ಕನಿಷ್ಠ 1.6 ಮಿಲಿಮೀಟರ್ ಇರ್ಬೇಕು, ಆದ್ರೆ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಗುಂಡಿ ಅಷ್ಟೇ ನೋಡ್ಬೇಡಿ, ಪಕ್ಕದಲ್ಲಿ ನಾಲ್ಕಂಕಿ ಇರತ್ತೆ, 2319 ಅಂದ್ರೆ 2019ರ 23ನೇ ವಾರದ್ದು. ವೈರಿಂಗ್‌ನಲ್ಲಿ ಫ್ಯೂಸ್ ಜಾಗಕ್ಕೆ ತಂತಿ ಸುತ್ತಿದ್ರೆ ಇವತ್ತೇ ಕಿತ್ತಾಕಿ.

ಮಾರ್ಬೇಕಾ ಅನ್ನೋದಕ್ಕೆ ನನ್ನ ಲೆಕ್ಕ ಹೀಗೆ. ಇಂಜಿನ್ ಬಿಸಿಯಾದಾಗ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ, ಸ್ವಲ್ಪ ಆವಿ ಬಂದ್ರೆ ಪರವಾಗಿಲ್ಲ, ಬುಸುಬುಸು ಅಂತ ಹೊಗೆ ನುಗ್ಗಿದ್ರೆ ರಿಂಗ್ ಲೈನರ್ ಮುಗಿದಿದೆ. ಅದೂ ಪರವಾಗಿಲ್ಲ, 407ಗೆ ಸಾಮಾನು ಎಲ್ಲಾ ಕಡೆ ಸಿಗತ್ತೆ, ಕೆಲಸ ಗೊತ್ತಿರೋ ಮೆಕ್ಯಾನಿಕ್ ಪ್ರತಿ ತಾಲ್ಲೂಕಲ್ಲೂ ಇದಾನೆ, ಇಂಜಿನ್ ಬಿಚ್ಚಿ ಮಾಡಿಸ್ಬಹುದು. ಚಾಸಿ ಬಿರುಕು ಬಿಟ್ಟು ಮೂರ್ನಾಲ್ಕು ಕಡೆ ವೆಲ್ಡಿಂಗ್ ಆಗಿದ್ರೆ ಮಾತ್ರ ಇಟ್ಕೊಳ್ಳೋ ಆಸೆ ಬಿಡಿ, ಇಂಜಿನ್ ಎಷ್ಟೇ ಚೆನ್ನಾಗಿದ್ರೂ.

ಎಂಟು ವರ್ಷ ದಾಟಿದ ಸರಕು ಗಾಡಿಗೆ ಎಫ್‌ಸಿ ವರ್ಷ ವರ್ಷ ಹೆಂಗೂ ಮಾಡಿಸ್ಲೇಬೇಕು, ಅದಕ್ಕೆ ಅಂತ ಗಾಡಿ ನಿಲ್ಲಿಸೋ ದಿನಗಳಲ್ಲೇ ರೇಡಿಯೇಟರ್, ಬ್ರೇಕ್, ಹಬ್ ಗ್ರೀಸ್ ಎಲ್ಲಾ ಮುಗಿಸ್ಕೊಳ್ಳಿ. ಫೆಬ್ರವರಿ ಅಂದ್ರಲ್ಲ, ಸಂಕ್ರಾಂತಿ ಕಳೆದ ತಕ್ಷಣ ಶೆಡ್‌ಗೆ ಬಿಡಿ, ಮಾವಿನ ಸೀಸನ್ ಶುರು ಆಗೋ ಹೊತ್ತಿಗೆ ಯಾವ ಮೆಕ್ಯಾನಿಕ್ಕೂ ಕೈಗೆ ಸಿಗಲ್ಲ.