ಕಟ್ಟಡ ಯಾಕೆ ಹಿಂದಕ್ಕೆ ವಾಲುತ್ತದೆ?

ಓದುಗರ ಪತ್ರ: ಕಟ್ಟಡಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ಆದರೆ ಎತ್ತರದ ಕಟ್ಟಡಗಳೆಲ್ಲ ಹಿಂದಕ್ಕೆ ಬೀಳುತ್ತಿರುವ ಹಾಗೆ ಬರುತ್ತವೆ. ಆಕಾಶ ಸರಿ ಬಂದರೆ ಗೋಡೆ ಕಪ್ಪು, ಗೋಡೆ ಸರಿ ಬಂದರೆ ಆಕಾಶ ಬಿಳಿ ಹಾಳೆ. ಜತೆಗೆ ಜನ ಅಡ್ಡ ಬರುತ್ತಲೇ ಇರುತ್ತಾರೆ. ಇನ್ನೂ ಅಗಲಕ್ಕೆ ಹಿಡಿಯುವ ವೈಡ್ ಲೆನ್ಸ್ ಕೊಂಡರೆ ಸರಿಹೋಗುತ್ತದೆಯೇ? ಮೂರು ಫೋಟೋ ಇಟ್ಟಿದ್ದೇನೆ.

ಸಂಪಾದಕರ ಉತ್ತರ:

ಲೆನ್ಸ್ ಕೊಳ್ಳಬೇಡಿ. ಸದ್ಯಕ್ಕಂತೂ ಬೇಡ. ಮೂರೂ ಫೋಟೋ ನೋಡಿದೆ. ತೊಂದರೆ ಇರುವುದು ನೀವು ನಿಂತ ಜಾಗದಲ್ಲಿ ಮತ್ತು ನೀವು ಹೋದ ಹೊತ್ತಿನಲ್ಲಿ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ವರ್ಷಗಟ್ಟಲೆ ಲೆನ್ಸನ್ನೇ ಬೈದವನು. ನೆಲ ಡೊಂಕು ಅನ್ನುವವರ ಸಾಲಿನಲ್ಲಿ ನೀವೊಬ್ಬರೇ ಇಲ್ಲ.

ಮೊದಲ ಫೋಟೋದಲ್ಲಿ ಕಟ್ಟಡದ ಬುಡದಲ್ಲಿ ನಿಂತು, ತುದಿ ಸಿಗಲಿ ಅಂತ ಕ್ಯಾಮೆರಾವನ್ನು ಮೇಲಕ್ಕೆತ್ತಿದ್ದೀರಿ. ಎಡವಟ್ಟಾಗಿದ್ದು ಅಲ್ಲೇ. ಕ್ಯಾಮೆರಾದ ಬೆನ್ನು ಗೋಡೆಗೆ ಸಮಾನಾಂತರವಾಗಿದ್ದರೆ ಗೋಡೆಯ ನೆಟ್ಟಗೆರೆಗಳು ಫೋಟೋದಲ್ಲೂ ನೆಟ್ಟಗೇ ಇರುತ್ತವೆ. ಕ್ಯಾಮೆರಾ ಬಾಗಿತೋ, ಗೆರೆಗಳು ಮೇಲೆ ಹೋಗುತ್ತಾ ಒಂದನ್ನೊಂದು ಸೇರತೊಡಗುತ್ತವೆ. ಕತ್ತೆತ್ತಿ ನೋಡಿದಾಗ ಕಣ್ಣಿಗೂ ಹೀಗೇ ಬೀಳುತ್ತದೆ, ಆದರೆ ಮೆದುಳು ಅದನ್ನು ತಿದ್ದಿಕೊಳ್ಳುತ್ತದೆ. ಫೋಟೋ ಮುಂದೆ ಕೂತಾಗ ಆ ರಿಯಾಯಿತಿ ಸಿಗುವುದಿಲ್ಲ.

ವೈಡ್ ಲೆನ್ಸಿನಲ್ಲಿ ಕ್ಯಾಮೆರಾ ಮಟ್ಟವಾಗಿಟ್ಟೂ ತುದಿ ಹಿಡಿಯಬಹುದು, ನಿಜ. ಆದರೆ ಕೆಳಗಿನ ಅರ್ಧ ಬರೀ ರಸ್ತೆಯೇ. ಅದನ್ನು ಕತ್ತರಿಸಿ ಬಿಸಾಡಬೇಕು. ಅದಕ್ಕಿಂತ ಹಿಂದೆ ಹೋಗಿ. ಕಟ್ಟಡದ ಎತ್ತರದ ಎರಡು ಮೂರು ಪಟ್ಟು ದೂರ ಹೋಗಿ ವೈಡ್‌ಗಿಂತ ಕಿರಿದಾಗಿ ಹಿಡಿಯುವ 50 ಅಥವಾ 70 ಎಂಎಂ ಲೆನ್ಸಿನಲ್ಲಿ ನೋಡಿ, ಕಟ್ಟಡದ ಗತ್ತೇ ಬೇರೆ. ಹಿಂದೆ ಜಾಗ ಇಲ್ಲದಿದ್ದರೆ ಎದುರಿನ ಕಟ್ಟಡದ ಎರಡನೇ ಮೂರನೇ ಮಹಡಿ ಸಿಗುತ್ತದಾ ಕೇಳಿ. ಎತ್ತರದ ಅರ್ಧಕ್ಕೆ ಏರಿದರೆ ಕ್ಯಾಮೆರಾ ಎತ್ತುವ ಪ್ರಮೇಯವೇ ಬರುವುದಿಲ್ಲ. ಕಂಪ್ಯೂಟರಿನಲ್ಲೂ ಗೆರೆ ನೆಟ್ಟಗೆ ಮಾಡಬಹುದು, ಆದರೆ ಅದು ಮೇಲ್ಭಾಗವನ್ನು ಹಿಗ್ಗಿಸಿ ಎರಡೂ ಬದಿಯನ್ನು ತಿನ್ನುತ್ತದೆ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು. ಕ್ಯಾಮೆರಾ ಬಾಗಿಸದೆ ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದಾದ ಶಿಫ್ಟ್ ಲೆನ್ಸ್ ಇರುವುದೂ ಮುಖ್ಯವಾಗಿ ಈ ಕೆಲಸಕ್ಕೇ. 35 ಎಂಎಂ ಫಿಲ್ಮ್ ಕ್ಯಾಮೆರಾಗೆ ಅಂಥ ಲೆನ್ಸನ್ನು ನಿಕಾನ್ 1960ರ ದಶಕದ ಆರಂಭದಲ್ಲೇ ತಂದಿತ್ತು. ದುಬಾರಿ ಸಾಮಾನು. ಕಟ್ಟಡ ತೆಗೆಯುವುದೇ ಕಸುಬು ಆದಾಗ ಯೋಚಿಸಿ.

ಗೆರೆ ವಾಲಲೇಬಾರದು ಅಂತೇನಿಲ್ಲ. ವಾಲಿಸುವುದಾದರೆ ಪೂರ್ತಿ ವಾಲಿಸಿ, ಬುಡದಲ್ಲಿ ನಿಂತು ಸೀದಾ ಮೇಲಕ್ಕೆ ನೋಡಿ. ಅರೆಬರೆ ವಾಲಿದ್ದು ಮಾತ್ರ ತಪ್ಪಿನ ಹಾಗೆ ಕಾಣುತ್ತದೆ.

ಎರಡನೇ ಫೋಟೋ ನಿಜವಾಗಿ ಚೆನ್ನಾಗಿ ಬರಬೇಕಾಗಿತ್ತು. ಬಾಗಿಲು ಪೂರ್ವಕ್ಕಿದೆ, ನೀವು ಹೋಗಿದ್ದು ಸಂಜೆ ನಾಲ್ಕಕ್ಕೆ. ಸೂರ್ಯ ಕಟ್ಟಡದ ಬೆನ್ನ ಹಿಂದೆ. ನೆರಳಿನ ಗೋಡೆಗೂ ಆ ಆಕಾಶಕ್ಕೂ ಬೆಳಕಿನ ಅಂತರ ಎಷ್ಟೆಂದರೆ ಒಂದೇ ಎಕ್ಸ್‌ಪೋಷರಿನಲ್ಲಿ, ಅಂದರೆ ಕ್ಯಾಮೆರಾದೊಳಗೆ ಒಂದು ಸಲ ಬಿಡುವ ಬೆಳಕಿನಲ್ಲಿ, ಎರಡನ್ನೂ ಹಿಡಿಯುವುದು ಕಷ್ಟ. ಬೆಳಕು ಬದಲಿಸುತ್ತಾ ಮೂರು ಫೋಟೋ ತೆಗೆದು (ಇದಕ್ಕೆ ಬ್ರಾಕೆಟ್ ಮಾಡುವುದು ಅನ್ನುತ್ತಾರೆ), ಒಂದು ಸರಿಯಾದದ್ದು, ಇನ್ನೊಂದು ಎರಡು ಸ್ಟಾಪ್ ಕಡಿಮೆ, ಮತ್ತೊಂದು ಎರಡು ಸ್ಟಾಪ್ ಜಾಸ್ತಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ), ಆಮೇಲೆ ಸೇರಿಸಬಹುದು. ಸೇರಿಸುವವರು ಸಾಮಾನ್ಯವಾಗಿ ಕೈ ಬಿಗಿ ಹಿಡಿಯುವುದಿಲ್ಲ, ಗೋಡೆಗೆ ಮಸಿ ಬಳಿದ ಹಾಗೆ, ಮೋಡಕ್ಕೆ ಜ್ವರ ಬಂದ ಹಾಗೆ ಮಾಡಿಡುತ್ತಾರೆ. ನನಗಂತೂ ಆಗಿಬರುವುದಿಲ್ಲ. ಅದೇ ಬಾಗಿಲಿಗೆ ಬೆಳಿಗ್ಗೆ ಹೋಗಿ. ಬಿಸಿಲು ಗೋಡೆಯ ಮೇಲೇ ಬೀಳುತ್ತದೆ, ಆಕಾಶ ತಾನಾಗಿ ನೀಲಿ ಬರುತ್ತದೆ. ಕೆತ್ತನೆ ಇದ್ದರೆ ಬಿಸಿಲು ಗೋಡೆಯನ್ನು ಪಕ್ಕದಿಂದ ಸವರಿಕೊಂಡು ಹೋಗುವ ಹೊತ್ತು ಕಾಯಿರಿ. ಎದುರಿನಿಂದ ಬಿದ್ದರೆ ಕೆತ್ತನೆ ಸಪಾಟಾಗುತ್ತದೆ.

ಕ್ಯಾಮೆರಾದ ಮೀಟರಿಗೆ ಗೋಡೆಯ ಬಣ್ಣ ಗೊತ್ತಿಲ್ಲ. ಕಂಡದ್ದನ್ನೆಲ್ಲ ನಡುಬೂದಿಗೆ ತರುವುದೇ ಅದರ ಕೆಲಸ. ಹಾಗಾಗಿ ಬಿಳಿ ಗೋಡೆ ಕೊಳಕಾಗಿ ಬರುತ್ತದೆ. ಒಂದು ಸ್ಟಾಪ್ ಜಾಸ್ತಿ ಕೊಡಿ, ಫೋಟೋದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ತೋರಿಸುವ ಕ್ಯಾಮೆರಾದ ನಕ್ಷೆ, ಹಿಸ್ಟೋಗ್ರಾಂ, ಬಲಗಡೆಯ ಅಂಚಿಗೆ ಗುದ್ದದ ಹಾಗೆ ನೋಡಿಕೊಳ್ಳಿ. ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ರಾ ಫೈಲಿನಲ್ಲಿ ಕತ್ತಲೆಯಿಂದ ಒಂದಿಷ್ಟು ಎತ್ತಿ ತರಬಹುದು, ಸುಟ್ಟುಹೋದ ಬಿಳಿಯಿಂದ ಏನೂ ಸಿಗುವುದಿಲ್ಲ. ಸ್ಕ್ರೀನ್ ನಂಬಬೇಡಿ. ಒಂದು ಸಲ ಸೂರ್ಯ ಮುಳುಗಿದ ಮೇಲೆ, ಕಿಟಕಿಯ ದೀಪಕ್ಕೂ ಆಕಾಶದ ನೀಲಿಗೂ ಸರಿಸಮ ಬೆಳಕಿರುವ ಆ ಸ್ವಲ್ಪ ಹೊತ್ತಿನಲ್ಲಿ, ನಲವತ್ತು ಫೋಟೋ ತೆಗೆದೆ. ಕತ್ತಲಲ್ಲಿ ಸ್ಕ್ರೀನ್ ಫಳಫಳ ಹೊಳೆಯುತ್ತಿತ್ತು, ಖುಷಿಯಾಗಿ ಮನೆಗೆ ಬಂದೆ. ನಲವತ್ತೂ ಎರಡು ಸ್ಟಾಪ್ ಕಪ್ಪು! ಹಿಸ್ಟೋಗ್ರಾಂ ಒಮ್ಮೆಯೂ ನೋಡಿರಲಿಲ್ಲ.

ಉಳಿದ ಸೆಟ್ಟಿಂಗ್ ಸುಲಭ: ಟ್ರೈಪಾಡ್, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ತೂತು ಎಫ್ 8 (ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು), ಎರಡು ಸೆಕೆಂಡ್ ಟೈಮರ್. ಚೂಪು ಬರಲಿ ಅಂತ ಎಫ್ 22ಕ್ಕೆ ಹೋಗಬೇಡಿ, ಅಷ್ಟು ಸಣ್ಣ ತೂತಿನಲ್ಲಿ ಚಿತ್ರ ಇನ್ನೂ ಮೆತ್ತಗಾಗುತ್ತದೆ.

ಇನ್ನು ಅಡ್ಡ ಬರುವ ಜನ. 1838ರಲ್ಲಿ, ಫೋಟೋಗ್ರಫಿಯನ್ನು ಹುಟ್ಟುಹಾಕಿದವರಲ್ಲಿ ಒಬ್ಬನಾದ ದಾಗೇರ್ ಪ್ಯಾರಿಸ್ಸಿನ ಒಂದು ಬೀದಿಯನ್ನು ಕಿಟಕಿಯಿಂದ ಸೆರೆಹಿಡಿದ. ಗಿಜಿಗುಟ್ಟುವ ಬೀದಿ, ಚಿತ್ರದಲ್ಲಿ ಮಾತ್ರ ಖಾಲಿ. ಎಕ್ಸ್‌ಪೋಷರ್ ಕೆಲವು ನಿಮಿಷ ಹಿಡಿದಿದ್ದರಿಂದ ಓಡಾಡಿದವರೆಲ್ಲ ಮಾಯ. ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಾ ಅಲ್ಲಾಡದೆ ನಿಂತವನೊಬ್ಬ ಉಳಿದ. ನೀವು ಲೆನ್ಸಿನ ಮುಂದೆ ಬೆಳಕು ತಡೆಯುವ ಕಪ್ಪು ಗಾಜು, 10 ಸ್ಟಾಪಿನ ಎನ್‌ಡಿ ಫಿಲ್ಟರ್, ಹಾಕಿದರೆ ಸೆಕೆಂಡಿನ 60ನೇ ಒಂದು ಭಾಗದ ಎಕ್ಸ್‌ಪೋಷರ್ ಹೆಚ್ಚುಕಡಿಮೆ 17 ಸೆಕೆಂಡ್ ಆಗುತ್ತದೆ, ನಡೆದು ಹೋಗುವವರು ಕರಗಿಬಿಡುತ್ತಾರೆ. ಆದರೆ ಎಲ್ಲರನ್ನೂ ಯಾಕೆ ಓಡಿಸುತ್ತೀರಿ? ನಿಮ್ಮ ಮೂರನೇ ಫೋಟೋದಲ್ಲಿ ಕಂಬಸಾಲಿನ ಪಕ್ಕ ಕೊಡೆ ಹಿಡಿದು ಹೋಗುವವರಿದ್ದಾರಲ್ಲ, ಕಂಬ ಎಷ್ಟು ದೊಡ್ಡದು ಅಂತ ಗೊತ್ತಾಗುವುದೇ ಅವರಿಂದ. ಅಲ್ಲಿ ಕಣ್ಣಿಗೆ ಚುಚ್ಚುವುದು ಎಡಗಡೆಯ ದೀಪದ ಕಂಬ. ಎರಡು ಹೆಜ್ಜೆ ಬಲಕ್ಕೆ ಸರಿದಿದ್ದರೆ ಅದು ಕಲ್ಲುಕಂಬದ ಹಿಂದೆ ಅಡಗುತ್ತಿತ್ತು.

ಪೂರ್ವದ ಬಾಗಿಲನ್ನು ಬೆಳಿಗ್ಗೆ ಮತ್ತೆ ತೆಗೆದು ಕಳಿಸಿ. ತಿದ್ದಿದ್ದು ಬೇಡ, ರಾ ಫೈಲನ್ನೇ ಕಳಿಸಿ.