ಆರು ಗಂಟೆಗೆ ಬ್ಯಾಗ್ ಎತ್ತಿದರೆ ತಪ್ಪೇನು ಸ್ವಾಮಿ?

ಓದುಗರ ಪತ್ರ:

ರಾಜಾಜಿನಗರದಲ್ಲಿ ಅಕೌಂಟ್ಸ್ ಮತ್ತು ಜಿಎಸ್‌ಟಿ ಕೆಲಸ ಮಾಡಿಕೊಡುವ ಸಣ್ಣ ಆಫೀಸು ನನ್ನದು. ಹನ್ನೊಂದು ಜನ ಇದ್ದಾರೆ. ಸಂಜೆ ಆರು ಹೊಡೆಯುತ್ತಿದ್ದ ಹಾಗೆ ಎಲ್ಲರ ಹೆಗಲಿಗೂ ಬ್ಯಾಗ್ ಏರುತ್ತದೆ. ಕಳೆದ ತಿಂಗಳು 19ನೇ ತಾರೀಖು, ಮಾರನೇ ದಿನವೇ ರಿಟರ್ನ್ ಹಾಕಲು ಕೊನೆ ದಿನ. ಒಬ್ಬ ಹುಡುಗಿಗೆ ‘ಎಂಟರವರೆಗೆ ಇರಮ್ಮ’ ಎಂದರೆ ‘ಮಾದಾವರದಲ್ಲಿ ನನ್ನ ಬಸ್ಸು ತಪ್ಪುತ್ತೆ ಸರ್’ ಎಂದು ಹೊರಟೇ ಬಿಟ್ಟಳು. 1994ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಯಜಮಾನರು ಲೈಟ್ ಆರಿಸುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ದೊಡ್ಡ ದೊಡ್ಡವರೇ ವಾರಕ್ಕೆ 70 ಗಂಟೆ ದುಡಿಯಿರಿ ಅನ್ನುತ್ತಿರುವಾಗ ಎರಡು ಗಂಟೆ ಜಾಸ್ತಿ ಇರಲಿ ಎಂದು ಬಯಸುವುದು ತಪ್ಪೇ? ‘ಕಾಯಕವೇ ಕೈಲಾಸ’ ಎಂದು ನನ್ನ ಟೇಬಲ್ಲಿನ ಹಿಂದೆ ಫಲಕ ಹಾಕಿದ್ದೇನೆ. ಯಾರೂ ಓದುವುದಿಲ್ಲ.

– ಹೆಸರು ಬೇಡ ಎಂದವರು, ರಾಜಾಜಿನಗರ

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ನನಗೆ ಉಳಿದ ಪ್ರಶ್ನೆ ಒಂದೇ. ಆ ಹುಡುಗಿಗೆ ಬಸ್ಸು ಸಿಕ್ಕಿತಾ? ನೀವು ಅದನ್ನು ಬರೆದಿಲ್ಲ. ಮಾರನೇ ದಿನ ಕೇಳಿದಿರಾ ಅನ್ನುವುದನ್ನೂ ಬರೆದಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಷ್ಟ ನನಗೆ ಗೊತ್ತಿದೆ. ಹನ್ನೊಂದು ಜನರ ಆಫೀಸಿನಲ್ಲಿ ಒಬ್ಬರು ರಜೆ ಹಾಕಿದರೂ ಕೆಲಸ ಕುಂಟುತ್ತದೆ, ಜಿಎಸ್‌ಟಿ ವೆಬ್‌ಸೈಟು ಕೊನೆ ದಿನವೇ ಗಿರಗಿರ ತಿರುಗುತ್ತಾ ಕೂರುತ್ತದೆ, ದಂಡ ಬಿದ್ದರೆ ಕ್ಲೈಂಟ್ ಬಯ್ಯುವುದು ನಿಮ್ಮನ್ನೇ. ಆಸ್ಪತ್ರೆಯ ನರ್ಸು, ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ ಗಂಟೆ ನೋಡಿಕೊಂಡು ಎದ್ದುಹೋಗಲು ಆಗಲ್ಲ ಅನ್ನುವುದೂ ನಿಜ. ಒಪ್ಪಿದೆ. ಈಗ ನನ್ನ ಮಾತು ಕೇಳಿ.

ನಮ್ಮಮ್ಮ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಕಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಎಳ್ಳಿಗಿಂತ ಸಣ್ಣ ತಿರುಪು ಹಿಡಿದು ಕೂರಿಸುವ ಕೆಲಸ. ಅಸೆಂಬ್ಲಿಯಲ್ಲಿ ಹೆಂಗಸರೇ ಜಾಸ್ತಿ. ಅಮ್ಮ ಹೇಳುತ್ತಿದ್ದ ಪ್ರಕಾರ, ಆರ್ಡರ್ ಜಾಸ್ತಿ ಇದ್ದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಸೂಪರ್‌ವೈಸರ್ ಒಂದು ನೋಟ್‌ಬುಕ್ ಹಿಡಿದು ಬರುತ್ತಿದ್ದರಂತೆ. ‘ಇವತ್ತು ಓಟಿಗೆ (ಓವರ್‌ಟೈಮಿಗೆ) ಯಾರಮ್ಮಾ ಇರ್ತೀರಿ?’ ಕೈ ಎತ್ತಿದವರ ಹೆಸರು ಬರೆದುಕೊಳ್ಳುವುದು, ಅಷ್ಟೇ. ಎತ್ತದವರನ್ನು ಯಾಕೆ ಅಂತ ಕೇಳುತ್ತಿರಲಿಲ್ಲ. ಹಬ್ಬದ ಹಿಂದಿನ ತಿಂಗಳಂತೂ ಹೆಸರು ಬರೆಸಲು ಪೈಪೋಟಿ. ಯಾಕೆಂದರೆ ಓಟಿಗೆ ದುಪ್ಪಟ್ಟು ಸಂಬಳ. ನಮ್ಮ ಮನೆಗೆ ಹೊಲಿಗೆ ಮಷಿನ್ ಬಂದದ್ದು ಆ ದುಡ್ಡಿನಲ್ಲಿ. ನನ್ನ ಎಸ್ಸೆಸ್ಸೆಲ್ಸಿ ಟ್ಯೂಷನ್ ಫೀಸೂ ಅದರಲ್ಲೇ ಹೋಯಿತು, ಆದರೂ ಗಣಿತದಲ್ಲಿ 41 ಬಂತು. ಅದು ಬೇರೆ ಕಥೆ.

ಈಗ ಊರಿನಲ್ಲಿ ಓಟಿ ಅನ್ನುವ ಪದವೇ ಕೇಳುವುದಿಲ್ಲ, ಗಮನಿಸಿದ್ದೀರಾ? ಅದರ ಜಾಗಕ್ಕೆ ‘ಸ್ಟ್ರೆಚ್’ ಬಂದಿದೆ, ‘ಓನರ್‌ಶಿಪ್’ ಬಂದಿದೆ. ‘ನಮ್ಮ ಕಂಪನಿ ಒಂದು ಫ್ಯಾಮಿಲಿ ಇದ್ದ ಹಾಗೆ’ ಅನ್ನುತ್ತಾರೆ. ನಮ್ಮ ಫ್ಯಾಮಿಲಿಯಲ್ಲಿ ಯಾರೂ ಯಾರಿಗೂ ನೋಟಿಸ್ ಪೀರಿಯಡ್ ಕೊಟ್ಟಿದ್ದು ನಾನು ಕಂಡಿಲ್ಲ. ಓಟಿ ಅಂದರೆ ದುಡ್ಡು ಕೊಡಬೇಕಾಗುತ್ತದೆ, ಸ್ಟ್ರೆಚ್ ಅಂದರೆ ಕೊಡಬೇಕಿಲ್ಲ, ವ್ಯತ್ಯಾಸ ಇಷ್ಟೇ. ನಮ್ಮ ಅಜ್ಜಂದಿರ ಕಾಲದಲ್ಲಿ ಇದಕ್ಕೆ ಒಳ್ಳೆಯ ಕನ್ನಡ ಪದ ಇತ್ತು. ಬಿಟ್ಟಿ ಚಾಕರಿ.

ನೀವೂ ಪತ್ರದಲ್ಲಿ ಎಲ್ಲ ಬರೆದಿದ್ದೀರಿ, ಆ ಎರಡು ಗಂಟೆಗೆ ಎಷ್ಟು ಕೊಡುತ್ತೀರಿ ಅನ್ನುವುದನ್ನು ಬಿಟ್ಟು. ಲೆಕ್ಕ ನಿಮ್ಮ ಕಸುಬು, ಆದರೂ ನಾನೇ ಹಾಕುತ್ತೇನೆ, 41 ಅಂಕದವನ ಲೆಕ್ಕ, ತಪ್ಪಿದ್ದರೆ ತಿದ್ದಿ. ಆಕೆಗೆ ತಿಂಗಳಿಗೆ 22,000 ಅಂದುಕೊಳ್ಳೋಣ. 26 ದಿನ, ದಿನಕ್ಕೆ 8 ಗಂಟೆ. ಗಂಟೆಗೆ ಸುಮಾರು 106 ರೂಪಾಯಿ ಆಯಿತು. ದುಪ್ಪಟ್ಟು ಹಾಕಿದರೂ ಎರಡು ಗಂಟೆಗೆ 423. ಬಸ್ಸು ತಪ್ಪಿದ್ದಕ್ಕೆ ಆಟೋ ಚಾರ್ಜ್ ಬೇರೆ ಕೊಡಿ. ಇಷ್ಟನ್ನು ಕೊಡುತ್ತೇನಮ್ಮ, ಇರ್ತೀಯಾ ಅಂತ 15ನೇ ತಾರೀಖೇ ಕೇಳಿದ್ದರೆ ಆಕೆ ಮನೆಗೆ ಫೋನ್ ಮಾಡಿ ಏನೋ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದಳೋ ಏನೋ. ಇಲ್ಲ ಅಂದಿದ್ದರೆ ಇನ್ನೊಬ್ಬರನ್ನು ಕೇಳಬಹುದಿತ್ತು.

15ನೇ ತಾರೀಖು ಅಂದೆ ನೋಡಿ, ಅದು ಮುಖ್ಯ. 20ನೇ ತಾರೀಖು ಪ್ರತಿ ತಿಂಗಳೂ ಬರುತ್ತದೆ ಸ್ವಾಮಿ. ಭೂಕಂಪದ ಹಾಗೆ ಬರುವುದಿಲ್ಲ, ಏಕಾದಶಿಯ ಹಾಗೆ ಬರುತ್ತದೆ, ಕ್ಯಾಲೆಂಡರಿನಲ್ಲೇ ಇರುತ್ತದೆ. 11ನೇ ತಾರೀಖು ಒಂದು ರಿಟರ್ನು, 20ಕ್ಕೆ ಇನ್ನೊಂದು, ವರ್ಷಕ್ಕೊಮ್ಮೆ ಆದಾಯ ತೆರಿಗೆಗೆ ಜುಲೈ 31, ಅದು ಮುಂದಕ್ಕೆ ಹೋದರೆ ಇನ್ನೊಂದು ತಾರೀಖು. ಪ್ರತಿ ತಿಂಗಳೂ ಗೊತ್ತಿದ್ದೇ ಬರುವುದಕ್ಕೆ ಅರ್ಜೆಂಟ್ ಅನ್ನುವ ಹೆಸರು ಹೇಗೆ ಬಂತು? ನಿಮ್ಮ ಕ್ಲೈಂಟು 18ನೇ ತಾರೀಖು ರಾತ್ರಿ ಕ್ಯಾರಿ ಬ್ಯಾಗಿನಲ್ಲಿ ಬಿಲ್ಲು ತುಂಬಿಕೊಂಡು ಬರುತ್ತಾನೆ, ಅಲ್ವಾ? ಅವನಿಗೆ ‘ಲೇಟಾದರೆ ಫೀಸು ಜಾಸ್ತಿ’ ಎಂದು ಹೇಳಲು ನಿಮಗೆ ಬಾಯಿ ಬರುವುದಿಲ್ಲ. ‘ಇರಮ್ಮ’ ಎನ್ನಲು ಮಾತ್ರ ಬರುತ್ತದೆ. ಅವನ ಸೋಮಾರಿತನದ ಬಡ್ಡಿಯನ್ನು ಈ ಹುಡುಗಿ ಯಾಕೆ ಕಟ್ಟಬೇಕು?

ಇನ್ನು ದೊಡ್ಡವರ ವಿಷಯ. ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ 70 ಗಂಟೆ ಅಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷರು 90ಕ್ಕೆ ಏರಿಸಿ, ಭಾನುವಾರ ಮನೆಯಲ್ಲಿ ಹೆಂಡತಿಯ ಮುಖ ಎಷ್ಟು ಹೊತ್ತು ನೋಡುತ್ತೀರಿ ಎಂದೂ ಸೇರಿಸಿದರು. (ಹೆಂಡತಿಯರಿಗೂ ಆ ಕಡೆಯಿಂದ ಇದೇ ಪ್ರಶ್ನೆ ಇರಬಹುದು ಅನ್ನುವುದು ಅವರಿಗೆ ಹೊಳೆಯಲಿಲ್ಲ.) ಮೂರ್ತಿಯವರ ಮೇಲೆ ನನಗೆ ಗೌರವ ಇದೆ. ಆದರೆ 1981ರಲ್ಲಿ ಅವರೂ ಗೆಳೆಯರೂ ಕಟ್ಟಿದ್ದು ಸ್ವಂತ ಕಂಪನಿ. ಸ್ವಂತ ಹೊಲಕ್ಕೆ ರಾತ್ರಿ ಹನ್ನೆರಡಕ್ಕೆ ಎದ್ದು ನೀರು ಹಾಯಿಸುವವನನ್ನು ಯಾರೂ ಬೇಡ ಅನ್ನುವುದಿಲ್ಲ, ಬೆಳೆ ಬಂದರೆ ಅವನದೇ. ಕೂಲಿಗೆ ಬಂದವನೂ ಅದೇ ಹೊತ್ತಿಗೆ ಎದ್ದು ಬರಲಿ ಅಂದರೆ ಕಣದಲ್ಲಿ ರಾಶಿ ಹಂಚುವಾಗಲೂ ಅವನನ್ನು ಕರೆಯಬೇಕಲ್ಲ? ನೀವು ರಾತ್ರಿ ಹತ್ತರವರೆಗೆ ಕೂರುತ್ತೀರಿ ಎಂದು ನನಗೆ ಗ್ಯಾರಂಟಿ ಗೊತ್ತು. ಬೋರ್ಡಿನ ಮೇಲೆ ನಿಮ್ಮ ಹೆಸರಿದೆ. ಆ ಹುಡುಗಿಯದು ಇಲ್ಲ.

ಲೆಕ್ಕ ಇನ್ನೊಂದು ಇದೆ. ವಾರಕ್ಕೆ ಐದು ದಿನ ಕೆಲಸ ಅಂದರೆ 70 ಗಂಟೆಗೆ ದಿನಕ್ಕೆ 14. ಔಟರ್ ರಿಂಗ್ ರೋಡಿನಲ್ಲಿ ಹೋಗಿ ಬರಲು ಮೂರು ಗಂಟೆ ಹಾಕಿ. ಏಳು ಗಂಟೆ ನಿದ್ದೆ. 24 ಆಯಿತು. ಸ್ನಾನ ಯಾವಾಗ ಮಾಡುವುದು? ಅನ್ನ ಯಾರು ಬೇಯಿಸುವುದು? 70 ಗಂಟೆ ದುಡಿದೆ ಎನ್ನುವ ಗಂಡಸಿನ ಹಿಂದೆ ತಿಂಡಿ ಮಾಡಿದವಳು, ಬಟ್ಟೆ ಒಗೆದವಳು, ಮಗುವಿಗೆ ಜ್ವರ ಬಂದಾಗ ರಜೆ ಹಾಕಿದವಳು ಇದ್ದೇ ಇರುತ್ತಾಳೆ. ಅವಳ ಗಂಟೆಗಳು ಯಾವ ಭಾಷಣದಲ್ಲೂ ಬರುವುದಿಲ್ಲ.

ಕಾನೂನು ಏನನ್ನುತ್ತದೆ ಅಂತ ನಿಮಗೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಇದ್ದದ್ದು ಅಂಬೇಡ್ಕರ್ ಕೈಯಲ್ಲಿ. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದದ್ದು 1946ರಲ್ಲಿ 48ಕ್ಕೆ ಇಳಿಯಿತು. 1961ರ ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಅದೇ 48ನ್ನು ಇಟ್ಟುಕೊಂಡಿತು, ದಿನಕ್ಕೆ 9, ಓಟಿ ಸೇರಿಸಿದರೂ 10, ಆ ಓಟಿಗೆ ದುಪ್ಪಟ್ಟು. 2025ರ ಜೂನ್‌ನಲ್ಲಿ ಸರ್ಕಾರ ಈ 9ನ್ನು 10 ಮಾಡುವ, ಓಟಿ ಸೇರಿಸಿ 12 ಮಾಡುವ ಪ್ರಸ್ತಾಪ ತಂದಾಗ ಐಟಿ ನೌಕರರ ಸಂಘ ಬೀದಿಗಿಳಿಯಿತು. ಕಾರ್ಖಾನೆಗಳಿಗಂತೂ 2023ರಲ್ಲೇ ತಿದ್ದುಪಡಿ ಆಗಿ, ಮೂರು ತಿಂಗಳಿಗೆ 75 ಗಂಟೆ ಇದ್ದ ಓಟಿ ಮಿತಿ 145ಕ್ಕೆ ಹೋಯಿತು. ಅಪ್ಪ ಅಮ್ಮಂದಿರ ಕಾಲದಲ್ಲಿ ಗಂಟೆ ಇಳಿಯುತ್ತಿತ್ತು, ನಮ್ಮ ಕಾಲದಲ್ಲಿ ಏರುತ್ತಿದೆ. ಕಂಪ್ಯೂಟರ್ ಬಂದರೆ ಕೆಲಸ ಬೇಗ ಮುಗಿಯುತ್ತದೆ ಅಂದಿದ್ದರಪ್ಪ!

ಜಾಸ್ತಿ ಹೊತ್ತು ಕೂತರೆ ಜಾಸ್ತಿ ಕೆಲಸ ಆಗುತ್ತದೆ ಅನ್ನುವುದನ್ನು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆಗ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಸತತ ಆರನೇ ದಿನ ರಾತ್ರಿ ಪಾಳಿ, ಗಂಟೆ ಒಂದೂವರೆ. ಸನ್ಮಾನದ ಸುದ್ದಿಗೆ ಹಾಕಬೇಕಿದ್ದ ಫೋಟೊವನ್ನು ಶ್ರದ್ಧಾಂಜಲಿ ಕಾಲಮ್ಮಿಗೆ ಹಾಕಿಬಿಟ್ಟೆ. ಬೆಳಿಗ್ಗೆ ಹತ್ತಕ್ಕೆ ಆ ಮನುಷ್ಯರೇ, ಸನ್ಮಾನದ ಶಾಲು ಹೊದ್ದುಕೊಂಡು, ಆಫೀಸಿಗೆ ಬಂದರು. ಬಯ್ಯಲಿಲ್ಲ. ‘ನಮ್ಮ ತಂಗಿ ಶಿವಮೊಗ್ಗದಿಂದ ಬಸ್ಸು ಹತ್ತಿಬಿಟ್ಟಿದ್ದಾಳೆ, ಅವಳಿಗೆ ಏನು ಹೇಳಲಿ?’ ಅಂದರು. ಆ ಧ್ವನಿ ಇವತ್ತಿಗೂ ಕಿವಿಯಲ್ಲಿದೆ. ರಾತ್ರಿ ಎಂಟಕ್ಕೆ ನಿಮ್ಮ ಹುಡುಗಿ ಒಂದು ಸೊನ್ನೆ ಜಾಸ್ತಿ ಒತ್ತಿದರೆ ಅದನ್ನು ಸರಿಮಾಡಲು ನಿಮಗೆ ಎಷ್ಟು ದಿನ ಬೇಕು, ನೀವೇ ಹೇಳಿ.

ಇದು ನನ್ನೊಬ್ಬನ ಕಥೆಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಬರೆದಿಟ್ಟ ಲೆಕ್ಕವನ್ನು ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಮತ್ತೆ ಬಿಚ್ಚಿ ನೋಡಿದರು. ವಾರಕ್ಕೆ 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರದ್ದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಯುದ್ಧ ನಡೆಯುತ್ತಿತ್ತು ಸ್ವಾಮಿ, ದೇಶಭಕ್ತಿಗೆ ಏನೂ ಕಡಿಮೆ ಇರಲಿಲ್ಲ. ಆದರೂ ಆ 14 ಗಂಟೆ ನೀರಿಗೆ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜು ಇನ್ನೂ ಹೆದರಿಸುತ್ತದೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಜಾಸ್ತಿ, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಜಾಸ್ತಿ.

ನೀವು 1994ನ್ನು ನೆನೆಸಿಕೊಂಡಿದ್ದೀರಿ. ಒಂದು ಮಾತು ಕೇಳಲಾ? ಆಗ ನಿಮ್ಮ ಮನೆ ಎಲ್ಲಿತ್ತು? ಪ್ರಕಾಶ ನಗರವೋ, ಶ್ರೀರಾಮಪುರವೋ? ಸೈಕಲ್ ತುಳಿದರೆ ಹತ್ತು ನಿಮಿಷ ಇರಬಹುದು. ಯಜಮಾನರು ಲೈಟ್ ಆರಿಸಿದ ಮೇಲೂ ಬಿಸಿ ಊಟ ಸಿಗುತ್ತಿತ್ತು. ನಿಮ್ಮ ಆಫೀಸಿನ ಹುಡುಗಿಗೆ ರಾಜಾಜಿನಗರದಲ್ಲಿ ಬಾಡಿಗೆ ಕಟ್ಟಲು ನಿಮ್ಮ ಸಂಬಳ ಸಾಲುವುದಿಲ್ಲ, ಅದಕ್ಕೇ ಮೆಟ್ರೊದಲ್ಲಿ ಕೊನೆಯ ಸ್ಟೇಷನ್ ಮಾದಾವರದವರೆಗೆ ಹೋಗಿ ಅಲ್ಲಿಂದ ಬಸ್ಸು ಹಿಡಿಯುತ್ತಾಳೆ. ನೀವು ಕೇಳುವ ಎರಡು ಗಂಟೆ ಅವಳಿಗೆ ಮೂರೂವರೆ ಆಗುತ್ತದೆ, ಕತ್ತಲಲ್ಲಿ.

ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ಈ ಊರಿಗೆ ಸಂಜೆ ಅನ್ನುವುದೊಂದಿತ್ತು. ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಛೇರಿಗೆ ಆಫೀಸಿನಿಂದ ನೇರ ಬಂದು ಕೂರುವವರಿದ್ದರು, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಸಮೇತ. ಈಗ ಹೋದರೆ ಮುಂದಿನ ಸಾಲುಗಳೆಲ್ಲ ಬಿಳಿ ತಲೆ, ನನ್ನದೂ ಸೇರಿ. ರಂಗಶಂಕರದಲ್ಲಿ ಏಳೂವರೆಗೆ ನಾಟಕ ಶುರುವಾದರೆ ಮತ್ತೆ ಬಾಗಿಲು ತೆಗೆಯುವುದಿಲ್ಲ. ಒಳ್ಳೆಯ ಪದ್ಧತಿಯೇ, ಆದರೆ ಮಾನ್ಯತಾ ಟೆಕ್ ಪಾರ್ಕಿನಿಂದ ಜೆ.ಪಿ. ನಗರಕ್ಕೆ ಬರುವವರು ಮಧ್ಯಾಹ್ನ ಊಟ ಆದ ಕೂಡಲೇ ಹೊರಡಬೇಕಷ್ಟೆ. ಇನ್ನು ನಮ್ಮ ಪತ್ರಿಕೆಯ ಚಂದಾ ನವೀಕರಿಸಿ ಅಂತ ಫೋನ್ ಮಾಡಿದರೆ ಬರುವ ಉತ್ತರ ‘ದುಡ್ಡಿಗೇನಲ್ಲ ಸರ್, ಓದಕ್ಕೆ ಟೈಮೇ ಇಲ್ಲ.’ ಆ ಟೈಮನ್ನು ಯಾರು ತೆಗೆದುಕೊಂಡರು ಅಂತ ನಾನು ಕೇಳಬಾರದಾ? ದೇಶಕ್ಕೆಲ್ಲ ವಾಚು ಮಾಡಿಕೊಟ್ಟ ಊರು ಇದು. ಆ ಎಚ್‌ಎಂಟಿ ವಾಚ್ ಕಂಪನಿಯನ್ನು 2016ರಲ್ಲಿ ಮುಚ್ಚುವ ತೀರ್ಮಾನ ಆದಾಗ ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ನಿಮ್ಮ ಫಲಕಕ್ಕೆ ಬರುತ್ತೇನೆ. ‘ಕಾಯಕವೇ ಕೈಲಾಸ’ ಬಸವಣ್ಣನವರ ಮಾತು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಸವಣ್ಣನವರ ಮನೆ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದೇ ಅವನ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ಆಯ್ದುಕೊಂಡು ಬಂದ. ಅವನ ಹೆಂಡತಿ ಲಕ್ಕಮ್ಮ ಭೇಷ್ ಎನ್ನಲಿಲ್ಲ, ಇನ್‌ಸೆಂಟಿವ್ ಕೊಡಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಗದರಿ, ಹೆಚ್ಚಿನದನ್ನು ವಾಪಸ್ ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು. ನಿಮ್ಮ ಗೋಡೆಯ ಮೇಲಿರುವುದು ಗಂಡನ ಮಾತು ಮಾತ್ರ. ಅದನ್ನು ಯಾರೂ ಓದುವುದಿಲ್ಲ ಅಂತ ಬರೆದಿದ್ದೀರಿ, ಹೆಂಡತಿಯ ಮಾತನ್ನೂ ಬರೆಸಿ ನೋಡಿ. ಅಕ್ಷರ ಸ್ವಲ್ಪ ದಪ್ಪ ಇರಲಿ, ಒಳಗೆ ಬರುವ ಕ್ಲೈಂಟುಗಳಿಗೂ ಕಾಣಲಿ. ಪೇಂಟರ್ ಖರ್ಚು ಪತ್ರಿಕೆಯದು. ಬಿಲ್ಲು ಕಳಿಸಿ, ಜಿಎಸ್‌ಟಿ ಸಮೇತ, 18ನೇ ತಾರೀಖಿನ ಒಳಗೆ.